ತವರಿನ ಎಮ್ಮೆ ಕುಡಿದ ನೀರು

ನಾನು ಬಾಣಂತನ ಮುಗಿಸಿ ಹಿರೇಹಡಗಲಿಯಿಂದ ಗಂಡನ ಮನೆಗೆ ಹೊರಟ ದಿನ ಅಪ್ಪ ಒಂದು ಗೂಡ್ಸ್ ಗಾಡಿ ಕರೆಸಿದ್ದರು. ತೊಟ್ಟಿಲು, ಹಾಸಿಗೆ, ಅವ್ವ ಕಟ್ಟಿಕೊಟ್ಟ ಅಂಟಿನುಂಡೆಯ ಡಬ್ಬಿ ಎಲ್ಲವೂ ಗಾಡಿಗೆ ಏರಿದ ಮೇಲೆ ಅಪ್ಪ ಕೊಟ್ಟಿಗೆಗೆ ಹೋಗಿ ಗಬ್ಬದ ಎಮ್ಮೆಯೊಂದನ್ನು ಬಿಚ್ಚಿಕೊಂಡು ಬಂದರು.

"ಕೂಸಿಗೆ ಹಾಲು ಬೇಕಾಗೋ ಹೊತ್ತಿಗೆ ಇದು ಈಯ್ತೈತಿ. ನಮ್ಮ ಹೊಳಿ ನೀರು ಕುಡದು ಬೆಳದ ಎಮ್ಮಿ. ಚಲೋ ನೋಡ್ಕೋರಿ," ಅಂದರು.

ನನ್ನ ಗಂಡನ ಊರು ಕೊಟ್ಟೂರಿಗೂ ಕೂಡ್ಲಿಗಿಗೂ ನಡುವೆ ಇದೆ. ಹೊಳೆ ಅಲ್ಲಿಂದ ದೂರ. ಕೆಂಪು ಮಣ್ಣು, ಕಲ್ಲುಗುಡ್ಡ, ಶೇಂಗಾ, ಜೋಳ. ನೀರೆಂದರೆ ಬೋರ್‌ವೆಲ್ಲಿನ ನೀರು. ಗಾಡಿ ಬಾಗಿಲಲ್ಲಿ ನಿಂತಾಗ ಅತ್ತೆ ಆರತಿ ತಟ್ಟೆ ಹಿಡಿದು ಬಂದರು. ಮೊದಲು ಕೂಸಿಗೆ ಎತ್ತಿದರು. ಆಮೇಲೆ ಎಮ್ಮೆಯ ಹಣೆಗೂ ಕುಂಕುಮ ಹಚ್ಚಿ, "ಸೊಸಿ ಜೊತಿಗೆ ಮತ್ತೊಬ್ಬಾಕಿ ಬಂದಾಳ," ಎಂದು ನಕ್ಕರು. ಅಂದಿನಿಂದ ಓಣಿಯವರೆಲ್ಲ ಅದನ್ನು ತವರೆಮ್ಮಿ ಎಂದೇ ಕರೆದರು.

ಅತ್ತೆ ನಗುವಾಗ ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. ಮದುವೆಯಾದ ಹೊಸದರಲ್ಲಿ ಅದು ನಾಚಿಕೆ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅವರ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿದ್ದವು. ಅವರ ಕತ್ತು ಸಲೀಸಾಗಿ ಹೊರಳುತ್ತಿರಲಿಲ್ಲ. ಪಕ್ಕದಲ್ಲಿ ಕರೆದರೆ ಇಡೀ ಮೈ ತಿರುಗಿಸಿ ನೋಡುತ್ತಿದ್ದರು. ಆ ಊರಲ್ಲಿ ಅವರ ವಾರಿಗೆಯವರು ಬಹಳ ಮಂದಿ ಹಾಗೆಯೇ ಇದ್ದರು. ನೀರಿನಲ್ಲಿ ಫ್ಲೋರೈಡ್ ಇದೆ ಎಂಬುದು ಊರಿಗೆ ತಿಳಿದ ವಿಷಯವೇ ಆಗಿತ್ತು. ಗೋಡೆಗಳ ಮೇಲೆ ಬರೆಸಿದ್ದರು, ಶಾಲೆಯಲ್ಲಿ ಹೇಳಿದ್ದರು. ಕಡೆಗೆ, ನಾನು ಬಾಣಂತನಕ್ಕೆ ತವರಿಗೆ ಹೋಗುವ ಮುಂಚೆ, ಊರಿಗೊಂದು ಶುದ್ಧ ನೀರಿನ ಘಟಕವೂ ಬಂತು. ಎಲ್ಲರೂ ಅದಕ್ಕೆ ಫಿಲ್ಟರ್ ಎನ್ನುತ್ತಿದ್ದರು. ಕ್ಯಾನ್ ಹಿಡಿದುಕೊಂಡು ಹೋಗಿ ತುಂಬಿಸಿಕೊಂಡು ಬರುವುದು ಮನೆಮನೆಯ ಬೆಳಗಿನ ಕೆಲಸವಾಯಿತು.

ಫಿಲ್ಟರಿನ ಹಿಂದೆ ಒಂದು ಪೈಪಿತ್ತು. ಯಂತ್ರ ಸೋಸಿ ಬೇಡವೆಂದು ಬಿಟ್ಟ ನೀರು ಆ ಪೈಪಿನಿಂದ ಹಗಲೆಲ್ಲ ಹಾದಿಗೆ ಹರಿಯುತ್ತಿತ್ತು. ನೋಡಲು ತಿಳಿಯಾದ ನೀರು. ಬೇಸಿಗೆಯಲ್ಲಿ ದನಗಳು ಬಾಯಿ ಒಣಗಿಸಿಕೊಂಡು ನಿಲ್ಲುವ ಊರಿನಲ್ಲಿ ನೀರು ಹೀಗೆ ಹಾದಿ ಪಾಲಾಗುವುದು ಅತ್ತೆಗೆ ಸಹಿಸಲಾಗಲಿಲ್ಲ. ಓಣಿಯ ಹೆಂಗಸರನ್ನು ಕಟ್ಟಿಕೊಂಡು ಪಂಚಾಯ್ತಿಗೆ ಹೋದರು.

"ಮನಷ್ಯಾರಿಗೆ ಕ್ಯಾನ್ ನೀರು ಕೊಟ್ರಿ, ಚಲೋ ಆತು. ಬಾಯಿಲ್ಲದ ಜೀವ ಏನ್ ಮಾಡ್ಬೇಕ್ರಿ? ಒಂದು ಪೈಪ್ ಹಾಕಿ ಆ ನೀರನ್ನ ತೊಟ್ಟಿಗೆ ಬಿಡ್ರಿ," ಎಂದು ಜೋರು ಮಾಡಿದರು.

ಪಂಚಾಯ್ತಿಯವರಿಗೂ ಅದು ಸರಿ ಎನ್ನಿಸಿತು. ನಮ್ಮ ಮನೆಯ ಎದುರು ಬೇವಿನ ಮರದ ಕೆಳಗೆ ಮೊದಲಿಂದಲೂ ಇದ್ದ ದನದ ತೊಟ್ಟಿಗೆ ಪೈಪು ಬಂತು. ಅತ್ತೆಯೇ ಕಾಯಿ ಒಡೆದರು. ಅದರ ನಂತರ ಓಣಿಯ ದನ ಎಮ್ಮೆಗಳಿಗೆ ನೀರಿನ ಕೊರತೆ ಎಂಬುದೇ ಇರಲಿಲ್ಲ. ಫಿಲ್ಟರ್ ಒಳ್ಳೆಯ ನೀರನ್ನು ಒಂದು ಕಡೆ ಬಿಟ್ಟು, ತೆಗೆದ ಕೆಟ್ಟದ್ದನ್ನೆಲ್ಲ ಉಳಿದ ನೀರಿನಲ್ಲಿ ಒಟ್ಟುಗೂಡಿಸಿ ಇನ್ನೊಂದು ಕಡೆ ಬಿಡುತ್ತದೆ ಎಂದು ಯಾರೂ ನಮಗೆ ಹೇಳಲಿಲ್ಲ. ನಾನು ಕೊಟ್ಟೂರಿನ ಒಂದು ಶಾಲೆಯಲ್ಲಿ ಪಾಠ ಹೇಳುವವಳು, ನನಗೂ ಹೊಳೆಯಲಿಲ್ಲ. ಪೈಪು ಹಾಕಿದ ಕೆಲಸಗಾರನಿಗೂ ಗೊತ್ತಿರಲಿಲ್ಲ.

ತವರೆಮ್ಮೆ ಮೊದಲ ಸಲ ಆ ತೊಟ್ಟಿಗೆ ಬಾಯಿ ಇಟ್ಟಾಗ ಕುಡಿಯಲಿಲ್ಲ. ಮೂಸಿತು, ತಲೆ ಎತ್ತಿ ನನ್ನ ಕಡೆ ನೋಡಿತು.

"ಹೊಳಿ ನೀರಿನ ರುಚಿ ಮರ್ತಿಲ್ಲ ಇನ್ನಾ. ರೂಢಿ ಆಗ್ತೈತಿ ಬಿಡು," ಅಂದರು ಅತ್ತೆ. ರೂಢಿ ಆಯಿತು.

ಮಳೆಗಾಲಕ್ಕೆ ಎಮ್ಮೆ ಈದಿತು. ಹೆಣ್ಣು ಕರು. ನನ್ನ ಮಗಳು ಅಂಬೆಗಾಲಿಡುವ ಹೊತ್ತಿಗೆ ಕರು ಅಂಗಳದಲ್ಲಿ ಕುಣಿಯುತ್ತಿತ್ತು. ಇಬ್ಬರೂ ಒಂದೇ ಎಮ್ಮೆಯ ಹಾಲು ಕುಡಿದು ಬೆಳೆದರು. ನೀರು ಮಾತ್ರ ಬೇರೆ ಬೇರೆ. ಮಗಳಿಗೆ ಕ್ಯಾನಿನದು, ಕರುವಿಗೆ ತೊಟ್ಟಿಯದು.

ಮೊದಲ ಸೂಲಿನಲ್ಲಿ ಹಾಲು ಸಮೃದ್ಧವಾಗಿತ್ತು. ಆಮೇಲೆ ಎಮ್ಮೆ ಗಬ್ಬ ಕಟ್ಟುವುದು ತಡವಾಯಿತು. ಮೇವಿನ ಮುಂದೆ ನಿಂತು ಎರಡು ಬಾಯಿ ತಿಂದು ಬಿಡುತ್ತಿತ್ತು. ಹೊಳಪಾಗಿದ್ದ ಮೈ ಬೂದು ಹಿಡಿದ ಹಾಗಾಯಿತು. ಪಶು ಆಸ್ಪತ್ರೆಯ ಡಾಕ್ಟರಮ್ಮ ಸ್ಕೂಟರಿನಲ್ಲಿ ಬಂದರು. ಹರಪನಹಳ್ಳಿ ಕಡೆಯ ಹುಡುಗಿ, ಕೆಲಸಕ್ಕೆ ಸೇರಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಎಮ್ಮೆಯ ಕೆಳದವಡೆ ಬಿಡಿಸಿ ಹಲ್ಲು ನೋಡಿದರು.

"ಈ ಕಡೆ ನೀರಿಗೆ ದನದ ಹಲ್ಲೂ ಕೆಡ್ತಾವೆ. ಇದರ ಹಲ್ಲು ಬೆಳ್ಳಗೆ ಚೆನ್ನಾಗಿ ಅದಾವೆ," ಅಂದರು. ಜಂತಿನ ಔಷಧ ಕೊಟ್ಟರು, ಒಂದು ಟಾನಿಕ್ ಬರೆದರು. ನಮಗೆಲ್ಲ ಸಮಾಧಾನವಾಯಿತು. ಆ ಬಿಳಿ ಹಲ್ಲು ನಮ್ಮೆಲ್ಲರ ಕಣ್ಣಿಗೂ ಪರದೆ ಎಳೆಯಿತು. ಆ ಹಲ್ಲುಗಳು ಮೂಡಿದ್ದು ಹಿರೇಹಡಗಲಿಯಲ್ಲಿ, ಹೊಳೆಯ ನೀರಿನಲ್ಲಿ. ಒಮ್ಮೆ ಗಟ್ಟಿಯಾಗಿ ಬಂದ ಹಲ್ಲಿಗೆ ಆಮೇಲಿನ ನೀರು ಬಣ್ಣ ಹಚ್ಚುವುದಿಲ್ಲವಂತೆ. ಒಳಗಿನ ಅಂಗಗಳಿಗೆ ಅಂಥ ರಕ್ಷಣೆ ಇರಲಿಲ್ಲ. ಇದನ್ನು ಡಾಕ್ಟರಮ್ಮ ನನಗೆ ಬಿಡಿಸಿ ಹೇಳಿದ್ದು ಎಲ್ಲ ಮುಗಿದ ಮೇಲೆ.

ಎರಡನೆಯ ಸೂಲಿಗೆ ಗಬ್ಬವಾದಾಗ ಅತ್ತೆ ಹಿಗ್ಗಿದರು. ಹಿಂಡಿ, ನುಚ್ಚಿನ ಗಂಜಿ, ಬೋರ್‌ವೆಲ್ಲಿನ ನೀರಲ್ಲಿ ಬೆಳೆದ ಹಸಿ ಜೋಳ, ಏನು ಬೇಕೋ ಅದನ್ನೆಲ್ಲ ಇಟ್ಟರು. ಈದ ದಿನ ಎಮ್ಮೆ ನಿಂತೇ ಇತ್ತು. ಆದರೆ ಕರು ಎದ್ದು ನಿಲ್ಲಲಾರದಷ್ಟು ಸಣ್ಣದಿತ್ತು. ಮರುದಿನ ಕರು ಹೋಯಿತು. ಅದರ ಬೆನ್ನಿಗೇ ಎಮ್ಮೆ ಮೇವು ಬಿಟ್ಟಿತು. ಅದರ ಉಸಿರಿನಲ್ಲಿ ಹುಳಿಗೂಡಿದ ಸಿಹಿ ವಾಸನೆ ಬರತೊಡಗಿತು, ಕಳಿತ ಹಣ್ಣಿನ ಹಾಗೆ. ಡಾಕ್ಟರಮ್ಮ ಬೇವಿನ ಕೊಂಬೆಗೆ ಗ್ಲುಕೋಸ್ ಬಾಟಲಿ ಕಟ್ಟಿದರು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ನಾನೂ ಬಗ್ಗಿ ನೋಡಿದೆ. ಒಳಗೆ ಹಳದಿ ಇತ್ತು.

ಮರುದಿನ ಬೆಳಿಗ್ಗೆ ಎಮ್ಮೆ ಕುತ್ತಿಗೆ ನೆಲಕ್ಕೆ ಚಾಚಿ ಮಲಗಿತ್ತು. ಅತ್ತೆ ತೊಟ್ಟಿಯಿಂದ ಬಕೀಟು ತುಂಬಿ ತಂದು ಬೊಗಸೆಯಲ್ಲಿ ಅದರ ಬಾಯಿಗೆ ನೀರು ಬಿಟ್ಟರು. "ಕುಡಿಯವ್ವಾ, ಕುಡಿ. ಸಂಕಟ ಇಳೀತೈತಿ," ಎನ್ನುತ್ತ ಅದರ ಹಣೆ ಸವರಿದರು. ಅದು ನಾಲಗೆ ಆಡಿಸಿ ಸ್ವಲ್ಪ ಕುಡಿಯಿತು. ಆಮೇಲೆ ನಾಲಗೆ ಒಳಗೆ ಹೋಗಲಿಲ್ಲ.

ನನ್ನ ಗಂಡ ಹೊಲದ ಅಂಚಿನಲ್ಲಿ ಗುಂಡಿ ತೋಡಿಸಲು ಹೊರಟರು. ಡಾಕ್ಟರಮ್ಮ ತಡೆದರು.

"ನಿಮ್ಮ ಓಣಿಯಾಗೆ ಈದ ಮೇಲೆ ಹೀಗೆ ಹೋಗಿದ್ದು ಇದೊಂದೇ ಅಲ್ಲ. ನಾನು ಬರೀ ಬಾಟಲಿ ಹಾಕ್ತಾ ಇದೀನಿ, ಯಾಕೆ ಅಂತ ಗೊತ್ತಾಗ್ತಿಲ್ಲ. ಇದನ್ನ ಒಂದ್ಸಲ ಕೊಯ್ದು ನೋಡ್ಲಾ?"

ನಮ್ಮದು ಮಾಂಸ ಮುಟ್ಟದ ಮನೆ. ಮನೆಯ ಎಮ್ಮೆಯನ್ನು ಕೊಯ್ಯುವುದೆಂದರೆ ನನ್ನ ಗಂಡನಿಗೆ ಆಗಲೇ ಇಲ್ಲ. "ಬ್ಯಾಡ್ರಿ. ಹಂಗಾ ಮಣ್ಣು ಮಾಡತೀವಿ," ಎಂದರು. ಅತ್ತೆ ಎಮ್ಮೆಯ ಪಕ್ಕದಲ್ಲಿ ಕೂತಿದ್ದವರು ಮೈ ತಿರುಗಿಸಿ ಡಾಕ್ಟರಮ್ಮನನ್ನು ನೋಡಿದರು.

"ಕೊಯ್ರಿ. ನಮ್ಮ ಎಮ್ಮಿ ಯಾಕ ಸತ್ತಿತು ಅಂತ ನನಗ ತಿಳೀಬೇಕು," ಅಂದರು.

ಆಳುಗಳು ಎಮ್ಮೆಯನ್ನು ಹುಣಸೆ ಮರದ ನೆರಳಿಗೆ ಎಳೆದುಕೊಂಡು ಹೋದರು. ಗಂಡ ದೂರ ಹೋಗಿ ಬದುವಿನ ಮೇಲೆ ಬೆನ್ನು ಹಾಕಿ ಕೂತರು. ನಾನು ಬಕೀಟಿನಲ್ಲಿ ನೀರು ಹಿಡಿದು ನಿಂತೆ. ಅತ್ತೆ ಕದಲದೆ ಎದುರಿಗೇ ನಿಂತರು. ಡಾಕ್ಟರಮ್ಮ ಕೈಗವಸು ಹಾಕಿಕೊಂಡು ಹೊಟ್ಟೆ ಬಿಡಿಸಿ, ಪಕ್ಕೆಯ ಒಳಗಿನಿಂದ ಎರಡೂ ಕೈಯಲ್ಲಿ ಒಂದು ದೊಡ್ಡ ತುಂಡನ್ನು ಹೊರಗೆ ತೆಗೆದು ಹಾಸಿದ ಚೀಲದ ಮೇಲೆ ಇಟ್ಟರು.

"ಇದು ಲಿವರ್ರು. ಗಟ್ಟಿಯಾಗಿ, ಕರಿಗೆಂಪಾಗಿ ಇರಬೇಕು. ಅಂಚು ತೆಳ್ಳಗೆ ಚೂಪಾಗಿ ಇರಬೇಕು. ಇದನ್ನ ನೋಡ್ರಿ."

ಅದು ಹಾಗಿರಲಿಲ್ಲ. ಗೋಡೆಗೆ ಸಾರಿಸುವ ಹಳದಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಊದಿಕೊಂಡು ಅಂಚುಗಳೆಲ್ಲ ದುಂಡಾಗಿದ್ದವು. ಡಾಕ್ಟರಮ್ಮ ಬೆರಳಿನಿಂದ ಮೆಲ್ಲಗೆ ಒತ್ತಿದರು. ಬೆರಳು ಒಳಗೆ ಹೋಯಿತು. ತೆಗೆದಾಗ ಕುಳಿ ಹಾಗೇ ಉಳಿಯಿತು, ತುಂಬಿಕೊಳ್ಳಲಿಲ್ಲ. ಚಾಕು ಎಳೆದರೆ ಅಲಗಿನ ಮೇಲೆ ಎಣ್ಣೆಯ ಜಿಡ್ಡು ನಿಂತಿತು. ಆ ಬೆರಳಿನ ಕುಳಿ ನನಗೆ ಇಂದಿಗೂ ಕಾಣುತ್ತದೆ. ರೊಟ್ಟಿಗೆ ಹಿಟ್ಟು ನಾದಿ ಬೆರಳೊತ್ತಿದಾಗ ಕಾಣುತ್ತದೆ. ಮಗಳ ಕೆನ್ನೆ ಮುಟ್ಟುವಾಗಲೂ ಒಮ್ಮೊಮ್ಮೆ ಕಂಡು ಕೈ ಹಿಂದೆಗೆಯುತ್ತೇನೆ.

"ನೋವು ಆಗಿರಬೇಕಲ್ಲವಾ ಇದಕ್ಕ?" ಅತ್ತೆ ಕೇಳಿದರು.

"ಲಿವರ್ ಬಹಳ ದಿನ ಏನೂ ತೋರಿಸಲ್ಲಮ್ಮ. ತಿಂದಿದ್ದು ಕುಡಿದಿದ್ದು ಎಲ್ಲಾ ಇದರ ಮೂಲಕಾನೇ ಹೋಗ್ಬೇಕು. ಕೆಟ್ಟದ್ದು ಬಂದ್ರೂ ಮೊದಲು ಇದೇ ಹೊತ್ಕೊಂತೈತೆ. ಅರ್ಧಕ್ಕಿಂತ ಜಾಸ್ತಿ ಹಾಳಾಗೋವರೆಗೂ ದನ ಎದ್ದು ಓಡಾಡ್ಕೊಂಡೇ ಇರ್ತೈತೆ."

ಒಂದು ಚೂರನ್ನು ಔಷಧದ ನೀರಿನ ಸೀಸೆಗೆ ಹಾಕಿಕೊಂಡರು. ಕೈ ತೊಳೆಯುವಾಗ ಹತ್ತಿರ ಮೇಯುತ್ತಿದ್ದ ಮೊದಲ ಸೂಲಿನ ಹೆಣ್ಣುಕರುವನ್ನು ಕಂಡರು. ಅದಾಗಲೇ ಕಡಸು, ಹಾಲು ಹಲ್ಲು ಬಿದ್ದು ಮುಂದಿನ ಹೊಸ ಹಲ್ಲು ಬಂದಿದ್ದವು. ಹತ್ತಿರ ಕರೆದು ಬಾಯಿ ಬಿಡಿಸಿ ನೋಡಿದವರು ಹಾಗೇ ನಿಂತುಬಿಟ್ಟರು. ಹೊಸ ಹಲ್ಲು ಪೂರಾ ಕಂದಾಗಿತ್ತು, ಅಲ್ಲಲ್ಲಿ ಸುಣ್ಣದ ಹಾಗೆ ಬಿಳಿ ಚುಕ್ಕೆ, ಸವೆದ ಗುಳಿ.

"ಇದು ಹುಟ್ಟಿದ್ದು ಎಲ್ಲಿ?"

"ಇಲ್ಲೇ," ಅಂದೆ ನಾನು.

"ನೀರು?"

ಅತ್ತೆ ಬೇವಿನ ಮರದ ಕಡೆ ಕೈ ತೋರಿಸಿದರು. ಡಾಕ್ಟರಮ್ಮ ತೊಟ್ಟಿಯ ಹತ್ತಿರ ಹೋಗಿ, ಪೈಪು ಹಿಡಿದುಕೊಂಡು ನಡೆದು ನಡೆದು ಫಿಲ್ಟರಿನ ಹಿಂಬದಿಗೆ ಮುಟ್ಟಿದ್ದನ್ನು ನಾವು ದೂರದಿಂದ ನೋಡಿದೆವು. ಅವರು ಅಲ್ಲಿ ತಲೆಯ ಮೇಲೆ ಕೈ ಇಟ್ಟುಕೊಂಡು ನಿಂತಾಗ ಅತ್ತೆ ನನ್ನ ತೋಳು ಹಿಡಿದುಕೊಂಡರು. ಗಟ್ಟಿಯಾಗಿ ಹಿಡಿದಿದ್ದರು.

ಪರೀಕ್ಷೆಯ ಫಲಿತಾಂಶ ಬರಲು ಬಹಳ ದಿನ ಹಿಡಿಯಿತು. ಬೋರ್‌ವೆಲ್ಲಿನ ನೀರಿನಲ್ಲಿ ಫ್ಲೋರೈಡ್ ಇರಬೇಕಾದ್ದಕ್ಕಿಂತ ಹೆಚ್ಚಿತ್ತು, ತೊಟ್ಟಿಯ ನೀರಿನಲ್ಲಿ ಅದಕ್ಕಿಂತಲೂ ಬಹಳ ಹೆಚ್ಚು. ಲಿವರಿನ ಚೂರಿನಲ್ಲಿ ಜೀವಕೋಶಗಳು ಸತ್ತು, ಉಳಿದವುಗಳಲ್ಲಿ ಕೊಬ್ಬು ತುಂಬಿಕೊಂಡಿತ್ತು. ಡಾಕ್ಟರಮ್ಮ ನಮ್ಮ ಕಟ್ಟೆಯ ಮೇಲೆ ಕೂತು ಹೇಳಿದರು.

"ನೀರೊಂದೇ ಕೊಂದಿದ್ದು ಅಂತ ನಾನು ಆಣೆ ಮಾಡಿ ಹೇಳಲ್ಲ. ಈದ ಮೇಲೆ ಹಾಲಿಗೋಸ್ಕರ ಮೈಯಾಗಿನ ಕೊಬ್ಬು ಕರಗಿ ಲಿವರಿಗೆ ಬರ್ತೈತೆ. ಗಟ್ಟಿ ಲಿವರ್ ಆದ್ರೆ ತಡ್ಕೊಂತೈತೆ. ಇದು ವರ್ಷಗಟ್ಟಲೆ ಆ ನೀರು, ಆ ನೀರಿನ ಮೇವು ಹೊತ್ತು ಸೋತಿತ್ತು."

"ನನ್ನ ಕೂಸು ಅದರ ಹಾಲು ಕುಡದೈತ್ರಿ," ಅಂದೆ.

"ಹಾಲಿಗೆ ಅಷ್ಟಾಗಿ ಬರಲ್ಲ. ಹೆದರ್ಕೋಬೇಡ್ರಿ. ಹಾಲಿಗೆ ಬಿಡದೆ ಎಲ್ಲಾ ತನ್ನ ಮೈಯಾಗೇ ಇಟ್ಕೊಂತೈತೆ ಎಮ್ಮೆ."

ಅವರು ನನ್ನ ಸಮಾಧಾನಕ್ಕೆ ಹೇಳಿದ್ದು. ಆ ಮಾತು ಕೇಳಿ ಅತ್ತೆ ಎದ್ದು ಒಳಗೆ ಹೋದರು. ಅಡುಗೆಮನೆಯಿಂದ ಅವರು ಅಳುವುದು ಕೇಳಿಸಿತು. ಕೊನೆಗೆ ಹೊರಗೆ ಬಂದು ಒಂದೇ ಮಾತು ಹೇಳಿದರು. "ಜೀವ ಹೋಗೋ ಮುಂದನೂ ಅದನ್ನಾ ಕುಡಿಸಿದ್ನೆಲ್ಲೋ ಯಪ್ಪಾ."

ಮರುದಿನ ಬೆಳಿಗ್ಗೆ ಅವರು ಹಾರೆ ತೆಗೆದುಕೊಂಡು ಹೋಗಿ ಪೈಪು ಕೀಳತೊಡಗಿದರು. ಓಣಿ ಕೂಡಿತು. ಪಕ್ಕದ ಮನೆಯವರು ಸಿಟ್ಟಾದರು.

"ನಿಮ್ಮ ಎಮ್ಮಿ ಸತ್ತಿತಂತ ಊರ ದನ ನೀರಡಸಬೇಕೇನವ್ವಾ? ಹಾಕಿಸಿದಾಕಿ ನೀನಾ, ಕೀಳಾಕಿನೂ ನೀನಾ?"

"ಹೌದು, ಹಾಕಿಸಿದಾಕಿ ನಾನಾ. ಅದಕ್ಕಾ ಕೀಳಾಕತ್ತೀನಿ," ಅಂದರು ಅತ್ತೆ. "ಹೋದ ವರ್ಷ ನಿಮ್ಮ ಎಮ್ಮಿನೂ ಈದು ಸತ್ತಿತಲ್ಲ. ಯಾರರ ಕೊಯ್ದು ನೋಡಿದ್ರೇನು? ನಾನು ನೋಡೀನಿ. ನಿಂತು ನೋಡೀನಿ."

ಆ ವಾರ ಡಾಕ್ಟರಮ್ಮ ಬಂದು ಓಣಿಯ ಕಡಸುಗಳ ಬಾಯಿ ಬಿಡಿಸಿ ಹಲ್ಲು ತೋರಿಸಿದರು. ಇಲ್ಲಿ ಹುಟ್ಟಿದವೆಲ್ಲ ಕಂದು. ಹಲ್ಲು ನೋಡಿದ ಮೇಲೆ ಜನ ನಂಬಿದರು. ಪಂಚಾಯ್ತಿಯವರು ಆ ನೀರನ್ನು ದನ ಹೋಗದ ಕಡೆ ಗುಂಡಿ ತೋಡಿ ಬಿಟ್ಟರು. ಊರ ಹೊರಗೆ ಬಳ್ಳಾರಿ ಜಾಲಿ ಬೆಳೆದು ಮುಚ್ಚಿಹೋಗಿದ್ದ ಹಳೆಯ ಗೋಕಟ್ಟೆಯ ಹೂಳು ತೆಗೆಸುವ ಮಾತಾಯಿತು. ಮಳೆ ನೀರು ನಿಲ್ಲಲಿ, ದನ ಕುಡಿಯಲಿ ಅಂತ ಹಿಂದಿನವರು ಕಟ್ಟಿದ ಗುಂಡಿ ಅದು. ಬೋರ್‌ವೆಲ್ ಬಂದ ಮೇಲೆ ಯಾರೂ ಆ ಕಡೆ ಹೋಗಿರಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಆ ನಂತರದ ದಿನಗಳು. ತೊಟ್ಟಿ ಒಣಗಿತು. ಆದರೆ ಮಧ್ಯಾಹ್ನದ ಹೊತ್ತಿಗೆ ದನ ಎಮ್ಮೆಗಳು ರೂಢಿಯಂತೆ ಬಂದು ತೊಟ್ಟಿಯ ಸುತ್ತ ನಿಲ್ಲುತ್ತಿದ್ದವು. ನೀರು ಆರಿದ ಕಲ್ಲಿನ ಮೇಲೆ ಬಿಳಿ ಪುಡಿ ಕಟ್ಟಿತ್ತು. ಅವು ಅದನ್ನು ನೆಕ್ಕುತ್ತಿದ್ದವು. ಒರಟು ನಾಲಗೆ ಕಲ್ಲಿಗೆ ಉಜ್ಜುವ ಸದ್ದು ನಾನು ಶಾಲೆಗೆ ರಜೆಯಿದ್ದ ದಿನಗಳಲ್ಲಿ ಕೂತ ಕಡೆಗೇ ಕೇಳುತ್ತಿತ್ತು. ಅತ್ತೆ ಓಡಿಹೋಗಿ ಹಚಾ ಹಚಾ ಎಂದು ಅಟ್ಟುತ್ತಿದ್ದರು. ಅವು ನಾಲ್ಕು ಹೆಜ್ಜೆ ಸರಿದು, ಅವರು ಒಳಗೆ ಬಂದ ಕೂಡಲೇ ಮತ್ತೆ ಬಂದು ನೆಕ್ಕುತ್ತಿದ್ದವು. ಅತ್ತೆ ತೆಂಗಿನ ನಾರು ಹಿಡಿದು ತಿಕ್ಕಿದರು. ಹೋಗಲಿಲ್ಲ. ಕಡೆಗೆ ನನ್ನ ಗಂಡ ಆ ತೊಟ್ಟಿಯನ್ನೇ ಒಡೆದು ಕಲ್ಲುಗಳನ್ನು ಹೂಳಿಸಿದರು.

ಮಳೆ ಬರುವವರೆಗೆ ಅತ್ತೆ ಫಿಲ್ಟರಿನಿಂದ ಕ್ಯಾನ್ ನೀರು ತಂದು ಕಡಸಿಗೆ ಕುಡಿಸಿದರು. "ಎಮ್ಮಿಗೆ ಕ್ಯಾನ್ ನೀರ?" ಎಂದು ನಕ್ಕವರಿದ್ದರು. ಅವರು ನಗುವವರ ಕಡೆ ನೋಡುತ್ತಿರಲಿಲ್ಲ.

ಅದೇ ದಿನಗಳಲ್ಲಿ ಅವರಿಗೊಂದು ಹೊಸ ಅಭ್ಯಾಸ ಬಂತು. ಮಾತಾಡುತ್ತ ಮಾತಾಡುತ್ತ ಬಲಗಡೆಯ ಪಕ್ಕೆಯ ಕೆಳಗೆ ಬೆರಳಿನಿಂದ ಒತ್ತಿಕೊಳ್ಳುವುದು. ಕಾಳು ಆರಿಸುವಾಗ, ವಿಭೂತಿ ಹಚ್ಚಿಕೊಂಡು ಕೂತಾಗ, ಬಸ್ಸಿನಲ್ಲಿ. ಒಂದು ದಿನ ಕೇಳಿಯೇಬಿಟ್ಟರು.

"ಹುಟ್ಟಿದಾಗಿಂದ ಈ ನೆಲದ ನೀರಾ ಕುಡದೀವಿ. ಎಮ್ಮಿಗೆ ಆದದ್ದು ನಮಗ ಆಗಿರಂಗಿಲ್ಲೇನಬೇ?"

ನಾನು ಅವರನ್ನು ಹಗರಿಬೊಮ್ಮನಹಳ್ಳಿಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ರಕ್ತ ತೆಗೆದರು, ಸ್ಕ್ಯಾನ್ ಮಾಡಿದರು. ಮೂಳೆ ಬಿಗಿದಿವೆ, ಕತ್ತು ಮೊಣಕಾಲು ಇನ್ನು ಮೊದಲಿನಂತೆ ಆಗುವುದಿಲ್ಲ, ಲಿವರ್ ಮಾತ್ರ ಚೆನ್ನಾಗಿದೆ ಎಂದರು ಅಲ್ಲಿಯ ಡಾಕ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ನಾನು, "ಕೇಳಿದ್ರಲ್ಲ ಅತ್ತಿ, ಚಲೋ ಐತಂತ," ಅಂದೆ.

"ಆತ ಒಳಗ ತೆಗದು ನೋಡ್ಯಾನೇನು?" ಅಂದರು ಅತ್ತೆ. ಅವರ ಬೆರಳು ಮತ್ತೆ ಬಲಗಡೆಯ ಪಕ್ಕೆಯ ಕೆಳಗೆ ಹೋಗಿತ್ತು.

ಆ ವರ್ಷ ಮಳೆ ಗೋಕಟ್ಟೆಗೆ ನೀರು ತಂದಿತು. ಕೆಂಪಗೆ ರಾಡಿಯಾದ ನೀರು. ಡಾಕ್ಟರಮ್ಮ ಅದನ್ನೂ ಪರೀಕ್ಷೆ ಮಾಡಿಸಿ ಕುಡಿಸಬಹುದು ಎಂದರು. ಓಣಿಯ ದನಗಳ ರಕ್ತ ನೋಡುತ್ತ ಬಂದರು. ಕೆಲವು ಚೇತರಿಸಿಕೊಂಡವು, ಮೇವು ತಿನ್ನತೊಡಗಿದವು. ಕೆಲವು ಹಾಗೇ ಉಳಿದವು. ನಮ್ಮ ಕಡಸಿನ ಮುಂಗಾಲು ಬಿಗಿದಿತ್ತು, ಎದ್ದ ಕೂಡಲೇ ಕುಂಟುತ್ತಿತ್ತು. ಹಲ್ಲಿನ ಕಂದು ಹೋಗುವಂಥದ್ದಲ್ಲ.

ಒಮ್ಮೆ ಬಾಗಳಿಯ ಕಡೆಯ ರೈತರೊಬ್ಬರು ಎಮ್ಮೆ ಹುಡುಕಿಕೊಂಡು ಬಂದರು. ನನ್ನ ಗಂಡನಿಗೆ ಕಡಸನ್ನು ಕೊಟ್ಟುಬಿಡುವ ಮನಸ್ಸಿತ್ತು. ಆ ಮುಖ ನೋಡಿದರೆ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ ಎನ್ನುತ್ತಿದ್ದರು. ರೈತರು ಅದರ ಮೈ ಸವರಿ ಒಪ್ಪಿಕೊಂಡರು. ಅಷ್ಟರಲ್ಲಿ ಅತ್ತೆ ಹೊರಗೆ ಬಂದರು.

"ಅದರ ಹಲ್ಲು ನೋಡ್ರಿ ಮೊದಲು."

"ಹಲ್ಲು ಹಿಂಡತೀವೇನಮ್ಮಾ?" ಎಂದು ಅವರು ನಕ್ಕರು.

ಅತ್ತೆ ನಗಲಿಲ್ಲ. ತೊಟ್ಟಿಯ ಕಥೆ, ತವರೆಮ್ಮೆ ಸತ್ತದ್ದು, ಕೊಯ್ದು ನೋಡಿದ್ದು ಎಲ್ಲ ಹೇಳಿದರು. ನನ್ನ ಗಂಡ ತಲೆ ತಗ್ಗಿಸಿ ನಿಂತರು. ರೈತರ ನಗು ಮೆಲ್ಲಗೆ ಆರಿತು. ಅವರು ಕಟ್ಟೆಯ ಮೇಲೆ ಕೂತರು.

"ಈದ ಮ್ಯಾಲೆ ಸತ್ತಿತು ಅಂದ್ರಲ್ಲಮ್ಮಾ. ಉಸಿರು ಹೆಂಗೆ ನಾರ್ತಿತ್ತು?"

"ಹಣ್ಣು ಕಳತಂಗ."

ಅವರ ಮನೆಯ ಎಮ್ಮೆಯೂ ಹಾಗೇ ಹೋಗಿತ್ತಂತೆ. ಅದರ ಬದಲಿಗೆಂದೇ ಇನ್ನೊಂದನ್ನು ಹುಡುಕುತ್ತ ಬಂದಿದ್ದರು. ಅವರ ಊರಿನಲ್ಲೂ ಫಿಲ್ಟರ್ ಇತ್ತು. ಅದರ ಹಿಂದಿನ ನೀರು ಎಲ್ಲಿಗೆ ಹೋಗುತ್ತದೆ ಎಂದು ಅತ್ತೆ ಕೇಳಿದರು. ಅವರು ಎದ್ದು, ಡಾಕ್ಟರಮ್ಮನ ಆಸ್ಪತ್ರೆ ಎಲ್ಲಿದೆ ಎಂದು ವಿಚಾರಿಸಿಕೊಂಡು ಹೊರಟರು. ಕೆಲವು ದಿನಗಳ ಮೇಲೆ ಕೈಯಲ್ಲಿ ಊರ ಹೆಸರಿನ ಚೀಟಿ ಅಂಟಿಸಿದ ನೀರಿನ ಬಾಟಲಿ ಹಿಡಿದುಕೊಂಡು ಅವರು ಕೊಟ್ಟೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದನ್ನು ನಾನೇ ಕಂಡೆ.

ಕಡಸು ನಮ್ಮಲ್ಲೇ ಉಳಿಯಿತು. ಈಗ ಅದು ಗಬ್ಬ. ಡಾಕ್ಟರಮ್ಮ ಹಡಗಲಿಗೆ ವರ್ಗವಾಗಿದ್ದಾರೆ, ಆದರೂ ಫೋನಿನಲ್ಲಿ ಕೇಳುತ್ತಿರುತ್ತಾರೆ. ಕಡಸಿನ ರಕ್ತ ಮೊದಲಿಗಿಂತ ಸುಧಾರಿಸಿದೆ, ಈದ ಮೇಲಿನ ದಿನಗಳನ್ನು ಮಾತ್ರ ಜೋಪಾನ ಮಾಡಿ ಎನ್ನುತ್ತಾರೆ. ಅತ್ತೆ ಬೆಳಿಗ್ಗೆ ಎದ್ದು ಮೊದಲು ಕೊಟ್ಟಿಗೆಗೆ ಹೋಗುತ್ತಾರೆ. ಕಡಸಿನ ಮೂತಿಯನ್ನು ಎರಡೂ ಕೈಯಲ್ಲಿ ಹಿಡಿದು ತಮ್ಮ ಮುಖದ ಹತ್ತಿರ ತಂದುಕೊಂಡು, ಕಣ್ಣು ಮುಚ್ಚಿ ಅದರ ಉಸಿರು ಮೂಸುತ್ತಾರೆ. ನಾನು ಬಾಗಿಲಲ್ಲಿ ನಿಂತು ಅವರು ಏನು ಹೇಳುತ್ತಾರೋ ಎಂದು ಕಾಯುತ್ತೇನೆ.

"ಹುಲ್ಲಿನ ವಾಸನಿ ಐತಿ. ಹುಲ್ಲಿಂದಾ," ಅನ್ನುತ್ತಾರೆ. ಆಮೇಲೆ ಒಲೆ ಹಚ್ಚಲು ಒಳಗೆ ಬರುತ್ತಾರೆ.